ನೋವಿಲ್ಲದ ಕಾಲು, ಕಾಲಿಲ್ಲದ ನೋವು

(ಶಿರಾ ಗೇಟ್‌ನ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳಿಗೆ ಮತ್ತು ಅವರ ಬಂಧುಗಳಿಗೆ ಶುಶ್ರೂಷಾ ಶಿಕ್ಷಕಿಯವರು ನೀಡಿದ ಉಪನ್ಯಾಸದ ಬರಹ ರೂಪ)



ಇವತ್ತು ನನಗೆ ಕೊಟ್ಟಿರುವ ವಿಷಯದ ಹೆಸರು ಸ್ವಲ್ಪ ದೊಡ್ಡದು: ‘ಸಂವೇದನೆ ಮತ್ತು ಗ್ರಹಿಕೆಯ ಮನೋವಿಜ್ಞಾನ’. ಹೆಸರು ಕೇಳಿ ಗಾಬರಿಯಾಗಬೇಡಿ. ನರ್ಸಿಂಗ್ ಡಿಪ್ಲೊಮಾದ ಮೊದಲ ವರ್ಷದಲ್ಲಿ ಇದು ನಮಗೆ ಪಾಠ. ಓದಿ, ಪರೀಕ್ಷೆ ಬರೆದು, ಮುಗಿಯಿತು ಅಂದುಕೊಂಡಿರುತ್ತೇವೆ. ವಾರ್ಡಿಗೆ ಬಂದ ಮೇಲೆ ದಿನವೂ ಅದೇ ಪಾಠ ಹಾಸಿಗೆ ಹಾಸಿಗೆಯಲ್ಲೂ ಎದುರಾಗುತ್ತದೆ. ಒಬ್ಬರ ಕಾಲಿನಲ್ಲಿ ಆಳವಾದ ಹುಣ್ಣು, ಆದರೆ ಅವರಿಗೆ ನೋವೇ ಇಲ್ಲ. ಪಕ್ಕದ ಹಾಸಿಗೆಯವರಿಗೆ ಕಾಲೇ ಇಲ್ಲ, ಆದರೆ ಆ ಕಾಲಿನ ಬೆರಳು ನೋಯುತ್ತಿದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇದು ಹೇಗೆ ಸಾಧ್ಯ ಎಂಬುದನ್ನು ತಿಳಿದುಕೊಂಡರೆ ಕೆಲವರ ಕಾಲು ಉಳಿಯುತ್ತದೆ, ಆದ್ದರಿಂದಲೇ ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಮೊದಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ. ಮೂರು ಪಾತ್ರೆ ತೆಗೆದುಕೊಳ್ಳಿ. ಒಂದರಲ್ಲಿ ಕೈ ತಡೆಯುವಷ್ಟು ಬೆಚ್ಚನೆಯ ನೀರು, ಇನ್ನೊಂದರಲ್ಲಿ ಮಡಕೆಯ ತಣ್ಣೀರು, ನಡುವಿನದರಲ್ಲಿ ಉಗುರು ಬೆಚ್ಚನೆಯ ನೀರು. ಬಲಗೈಯನ್ನು ಬೆಚ್ಚನೆಯ ನೀರಿನಲ್ಲಿ, ಎಡಗೈಯನ್ನು ತಣ್ಣೀರಿನಲ್ಲಿ ಎರಡು ನಿಮಿಷ ಇಟ್ಟು, ಆಮೇಲೆ ಎರಡೂ ಕೈಗಳನ್ನು ಒಟ್ಟಿಗೆ ನಡುವಿನ ಪಾತ್ರೆಗೆ ಹಾಕಿ. ಬಲಗೈ ‘ಈ ನೀರು ತಣ್ಣಗಿದೆ’ ಅನ್ನುತ್ತದೆ, ಎಡಗೈ ‘ಬಿಸಿಯಾಗಿದೆ’ ಅನ್ನುತ್ತದೆ. ನೀರು ಒಂದೇ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1690ರಲ್ಲಿ ಹೊರಬಂದ ತನ್ನ ಗ್ರಂಥದಲ್ಲಿ ಇದೇ ಮಾತನ್ನು ಎತ್ತಿದ್ದ. (ಸಕ್ಕರೆ ಕಾಯಿಲೆ ಇರುವವರು ಈ ಪರೀಕ್ಷೆ ಮಾಡಬೇಡಿ. ಯಾಕೆ ಎಂಬುದು ಇನ್ನು ಸ್ವಲ್ಪ ಹೊತ್ತಿನಲ್ಲೇ ಗೊತ್ತಾಗುತ್ತದೆ.)

ಚರ್ಮದಲ್ಲಿರುವ ನರದ ತುದಿಗಳು ಬಿಸಿ, ತಂಪು, ಒತ್ತಡ, ಗಾಯ ಇವುಗಳ ಸುದ್ದಿಯನ್ನು ಎತ್ತಿಕೊಂಡು ಮೇಲಕ್ಕೆ ಕಳಿಸುವುದು ಸಂವೇದನೆ. ಆ ಸುದ್ದಿಯನ್ನು ಮೆದುಳು ಹಿಂದಿನ ಅನುಭವದೊಂದಿಗೆ, ಆ ಹೊತ್ತಿನ ಗಮನ ಮತ್ತು ಭಯದೊಂದಿಗೆ ಕೂಡಿಸಿ ‘ಇದು ಬಿಸಿನೀರು’, ‘ಇದು ಮುಳ್ಳು’ ಎಂದು ಅರ್ಥ ಮಾಡಿಕೊಳ್ಳುವುದು ಗ್ರಹಿಕೆ. ಅಂಚೆಯವನು ಕಾಗದ ತಂದುಕೊಡುವುದು ಬೇರೆ, ಮನೆಯವರು ಅದನ್ನು ಓದುವುದು ಬೇರೆ, ಹಾಗೆ.

ನಮ್ಮ ನಾಡಿಗೆ ಈ ಶಾಸ್ತ್ರ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲೇ ಮನೋವಿಜ್ಞಾನ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿಬಂದ ಡಾ. ಎಂ. ವಿ. ಗೋಪಾಲಸ್ವಾಮಿಯವರು. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನಲ್ಲಿ ರೇಡಿಯೋ ಪ್ರಸಾರ ಆರಂಭಿಸಿದವರು. ಕಿವಿಗೆ ಬಿದ್ದದ್ದು ಮನಸ್ಸಿಗೆ ಹೇಗೆ ಮುಟ್ಟುತ್ತದೆ ಎಂದು ಪಾಠ ಹೇಳುತ್ತಿದ್ದವರಿಗೆ ರೇಡಿಯೋ ಆಸೆ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ ಎಂದು ನನಗನಿಸುತ್ತದೆ. ಇರಲಿ, ನಮ್ಮ ಕಾಲಿನ ವಿಷಯಕ್ಕೆ ಬರೋಣ.

ನಮ್ಮ ದೇಹದ ಅತಿ ಉದ್ದದ ನರಗಳು ಸೊಂಟದಿಂದ ಕಾಲಿನ ಹೆಬ್ಬೆರಳಿನವರೆಗೆ ಸುಮಾರು ಒಂದು ಮೀಟರ್ ಉದ್ದ ಹರಿದಿವೆ. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ದರೆ ನರಗಳೂ, ನರಗಳಿಗೆ ಆಹಾರ ಒಯ್ಯುವ ಸಣ್ಣ ರಕ್ತನಾಳಗಳೂ ಕೆಡುತ್ತವೆ. ಉದ್ದದ ನರ ಮೊದಲು ಸೋಲುತ್ತದೆ. ಕೊನೆಯ ಹೊಲಕ್ಕೆ ಕಾಲುವೆ ನೀರು ತಲುಪದ ಹಾಗೆ, ಮೊದಲು ಬೆರಳ ತುದಿ, ಆಮೇಲೆ ಪಾದ, ಆಮೇಲೆ ಕಾಲುಚೀಲ ಹಾಕುವಷ್ಟು ಎತ್ತರದವರೆಗೆ. ಸಾಮಾನ್ಯವಾಗಿ ಎರಡೂ ಕಾಲಿಗೆ ಒಟ್ಟಿಗೇ ಬರುತ್ತದೆ.

ಶುರುವಿನಲ್ಲಿ ಅನೇಕರಿಗೆ ಪಾದ ಉರಿಯುತ್ತದೆ, ಜೋಮು ಹಿಡಿಯುತ್ತದೆ, ಇರುವೆ ಹರಿದಂತಾಗುತ್ತದೆ, ರಾತ್ರಿ ಹೊದಿಕೆ ತಾಗಿದರೂ ಸಹಿಸಲಾಗುವುದಿಲ್ಲ. ಆಗ ಆಸ್ಪತ್ರೆಗೆ ಬರುತ್ತಾರೆ. ಒಂದೆರಡು ವರ್ಷ ಕಳೆದ ಮೇಲೆ ‘ಈಗ ಉರಿಯೆಲ್ಲ ಹೋಯಿತು ಸಿಸ್ಟರ್, ವಾಸಿಯಾಯಿತು’ ಅನ್ನುತ್ತಾರೆ. ನನಗೆ ಭಯವಾಗುವುದು ಈ ಮಾತು ಕೇಳಿದಾಗ. ಸಕ್ಕರೆ ಹತೋಟಿಗೆ ಬಂದು, ಔಷಧಿಯಿಂದ ಉರಿ ಕಡಿಮೆಯಾಗಿದ್ದರೆ ಸಂತೋಷ. ಆದರೆ ಎಷ್ಟೋ ಸಲ ಉರಿ ಹೋದದ್ದು ನರ ವಾಸಿಯಾಗಿ ಅಲ್ಲ, ಸುದ್ದಿ ಕಳಿಸುವ ಶಕ್ತಿಯೂ ನರಕ್ಕೆ ಉಳಿಯದೆ. ಎರಡರಲ್ಲಿ ಯಾವುದು ಎಂದು ಪರೀಕ್ಷೆ ಮಾಡದೆ ಯಾರಿಗೂ ಗೊತ್ತಾಗುವುದಿಲ್ಲ, ರೋಗಿಗಂತೂ ಗೊತ್ತಾಗುವುದೇ ಇಲ್ಲ.

ಗುಬ್ಬಿ ಕಡೆಯ ತೆಂಗಿನ ತೋಟದ ರೈತರೊಬ್ಬರು ಹೀಗೆಯೇ ಬಂದಿದ್ದರು. ಜಾಲಿಮುಳ್ಳು ಚಪ್ಪಲಿಯ ಅಟ್ಟೆಯನ್ನು ತೂರಿ ಪಾದಕ್ಕೆ ಇಳಿದಿತ್ತು. ಅದರ ಮೇಲೆಯೇ ಅವರು ಮೂರು ದಿನ ತೋಟಕ್ಕೆ ಹೋಗಿ ಬಂದಿದ್ದರು, ನೀರು ಕಟ್ಟಿದ್ದರು, ಸಂತೆಗೂ ಹೋಗಿದ್ದರು. ಅದು ಗೊತ್ತಾದದ್ದು ಅವರಿಗಲ್ಲ, ನೆಲ ಒರೆಸುತ್ತಿದ್ದ ಸೊಸೆಗೆ. ನೆಲದ ಮೇಲೆ ಹೆಜ್ಜೆ ಹೆಜ್ಜೆಗೂ ಕೆಂಪು ಗುರುತು ಬಿದ್ದಿತ್ತು. ಆ ಹೆಣ್ಣುಮಗಳು ಅವತ್ತೇ ಮಾವನವರನ್ನು ಕರೆತಂದಿದ್ದರಿಂದ ಒಂದು ಬೆರಳಿನಲ್ಲಿ ಮುಗಿಯಿತು. ಇನ್ನೊಂದು ವಾರ ಕಳೆದಿದ್ದರೆ ಮೊಣಕಾಲಿನ ಕೆಳಗೆ ಏನೂ ಉಳಿಯುತ್ತಿರಲಿಲ್ಲ. ‘ನೋವಾಗಿದ್ದರೆ ನಾನೇ ಹೇಳುತ್ತಿರಲಿಲ್ಲವೇ?’ ಎಂದು ಅವರು ಡ್ರೆಸಿಂಗ್ ಮಾಡುವಾಗಲೆಲ್ಲ ಕೇಳುತ್ತಿದ್ದರು. ನ್ಯಾಯವಾದ ಪ್ರಶ್ನೆ. ನೋವೇ ಆಗದಿದ್ದಾಗ ಪಾಪ, ಅವರು ಹೇಳುವುದಾದರೂ ಏನನ್ನು?

ಇದನ್ನು ಜಗತ್ತಿಗೆ ಸ್ಪಷ್ಟವಾಗಿ ತೋರಿಸಿಕೊಟ್ಟ ಕೆಲಸ ನಮ್ಮ ಪಕ್ಕದ ರಾಜ್ಯದ ವೆಲ್ಲೂರಿನಲ್ಲೇ ನಡೆಯಿತು. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ಕುಷ್ಠರೋಗದಲ್ಲಿ ಮಾಂಸ ತಾನಾಗಿಯೇ ಕೊಳೆತು ಬೆರಳು ಉದುರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ರೋಗಿಗಳು ಬೆಳಗಿನಿಂದ ಸಂಜೆವರೆಗೆ ಏನು ಮಾಡುತ್ತಾರೆ ಎಂದು ಬ್ರ್ಯಾಂಡ್ ಗಮನಿಸಿದರು. ಬಿಸಿ ಪಾತ್ರೆಯನ್ನು ಬರಿಗೈಲಿ ಹಿಡಿಯುತ್ತಿದ್ದರು, ಕೈ ಕೊಯ್ಯುತ್ತಿದ್ದರೂ ಬಿಗಿ ಹಿಡಿತ ಬಿಡುತ್ತಿರಲಿಲ್ಲ, ಗಾಯವಾದ ಕಾಲಿನ ಮೇಲೆಯೇ ಭಾರ ಹಾಕಿ ನಡೆಯುತ್ತಿದ್ದರು. ರಾತ್ರಿ ಇದ್ದ ಬೆರಳು ಬೆಳಿಗ್ಗೆ ಇಲ್ಲ ಎಂದಾದಾಗ ಕಾದು ನೋಡಿದರೆ, ನಿದ್ದೆಯಲ್ಲಿದ್ದವರ ಬೆರಳನ್ನು ಇಲಿ ಕಡಿಯುತ್ತಿತ್ತು. ಅವರಿಗೆ ಎಚ್ಚರವೇ ಆಗುತ್ತಿರಲಿಲ್ಲ. ಆಮೇಲೆ ಮನೆಗೆ ಹೋಗುವ ರೋಗಿಗಳಿಗೆ ಜೊತೆಯಲ್ಲೊಂದು ಬೆಕ್ಕು ಕೊಟ್ಟು ಕಳಿಸುತ್ತಿದ್ದರಂತೆ! ರೋಗ ನರವನ್ನು ಕೆಡಿಸುತ್ತದೆ, ಬೆರಳು ಹೋಗುವುದು ನೋವಿಲ್ಲದೆ ಆದ ಗಾಯಗಳಿಂದ ಎಂದು ಅವರು ಸಾಧಿಸಿದರು. ಮುಂದೆ ಅಮೆರಿಕಕ್ಕೆ ಹೋದ ಮೇಲೆ ಸಕ್ಕರೆ ಕಾಯಿಲೆಯವರ ಕಾಲಿನಲ್ಲೂ ಇದೇ ಕಥೆ ಎಂದು ತೋರಿಸಿದರು.

ಬ್ರ್ಯಾಂಡ್ ಮತ್ತು ಅವರ ಸಂಗಡಿಗರು ಒಂದು ಕೃತಕ ನೋವನ್ನೂ ತಯಾರಿಸಲು ಹೊರಟಿದ್ದರು. ಕೈಚೀಲ, ಕಾಲುಚೀಲಗಳಲ್ಲಿ ಒತ್ತಡ ಅಳೆಯುವ ಸಣ್ಣ ಉಪಕರಣ ಇಟ್ಟು, ಒತ್ತಡ ಮಿತಿ ಮೀರಿದರೆ ಕಿವಿಯಲ್ಲಿ ಶಬ್ದ ಬರುವಂತೆ ಮಾಡಿದರು. ಜನ ಶಬ್ದ ಕೇಳಿಯೂ ಕೆಲಸ ನಿಲ್ಲಿಸಲಿಲ್ಲ. ಶಬ್ದದ ಬದಲು ಸಣ್ಣ ವಿದ್ಯುತ್ ಆಘಾತ ಕೊಟ್ಟು ನೋಡಿದರು. ಕೆಲಸಕ್ಕೆ ಅಡ್ಡಿಯಾದಾಗ ಜನ ಸ್ವಿಚ್ಚನ್ನೇ ಆರಿಸಿಬಿಟ್ಟರು. ಕೊನೆಗೆ ಆ ಯೋಜನೆ ಕೈಬಿಡಬೇಕಾಯಿತು. ನಮ್ಮ ಸ್ವಂತ ನೋವಿಗೆ ಸ್ವಿಚ್ ಇಲ್ಲ. ಅದೇ ಅದರ ಉಪಕಾರ.

ಹಾಗಾದರೆ ಸ್ಪರ್ಶ ಹೋದ ಕಾಲನ್ನು ಕಾಯುವುದು ಹೇಗೆ? ನರದ ಕೆಲಸವನ್ನು ಕಣ್ಣು ಮಾಡಬೇಕು. ರೋಗಿಯ ಕಣ್ಣು ಮಂಜಾಗಿದ್ದರೆ ಅಥವಾ ಬಗ್ಗಲಾಗದಿದ್ದರೆ ಮನೆಯವರ ಕಣ್ಣು ಮಾಡಬೇಕು. ದಿನಕ್ಕೊಮ್ಮೆ, ರಾತ್ರಿ ಊಟಕ್ಕೆ ಮುಂಚೆ ಅಂತ ಇಟ್ಟುಕೊಳ್ಳಿ. ಅಂಗಾಲು, ಹಿಮ್ಮಡಿ, ಬೆರಳ ಸಂದಿ ಎಲ್ಲ ಬೆಳಕಿನಲ್ಲಿ ನೋಡಿ. ಒಬ್ಬರೇ ಇದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ಅಂಗಾಲು ನೋಡಿಕೊಳ್ಳಿ. ಚಪ್ಪಲಿ, ಬೂಟು ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ. ಸ್ನಾನದ ನೀರನ್ನು ಕಾಲಿನಿಂದ ಪರೀಕ್ಷಿಸಬೇಡಿ. ಮೊಣಕೈಯಿಂದ ನೋಡಿ, ಇಲ್ಲವೇ ಸಕ್ಕರೆ ಕಾಯಿಲೆ ಇಲ್ಲದವರ ಕೈಯಿಂದ ನೋಡಿಸಿ. ಮೂರು ಪಾತ್ರೆಯ ಪರೀಕ್ಷೆ ನಿಮಗೆ ಬೇಡ ಎಂದದ್ದು ಇದಕ್ಕೇ. ಜೋಮು ಬಿಡಿಸಲೆಂದು ಬಿಸಿ ಉಪ್ಪಿನ ಗಂಟು, ಇಟ್ಟಿಗೆ ಶಾಖ, ಬಿಸಿನೀರಿನ ಚೀಲ ಯಾವುದೂ ಬೇಡ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಒಂದು ಕಾಲು ಇನ್ನೊಂದಕ್ಕಿಂತ ಬೆಚ್ಚಗೆ, ಕೆಂಪಗೆ, ಊದಿಕೊಂಡಿದ್ದರೆ, ವಾಸನೆ ಅಥವಾ ನೀರು ಬರುತ್ತಿದ್ದರೆ, ಕಪ್ಪಾಗಿದ್ದರೆ, ನೋವಿಲ್ಲದಿದ್ದರೂ ಅವತ್ತೇ ಬನ್ನಿ.

ಸ್ಪರ್ಶ ಉಳಿದಿದೆಯೋ ಇಲ್ಲವೋ ಎಂದು ನೋಡಲು ನಾವು ಇಲ್ಲಿ ನೈಲಾನ್ ಎಳೆಯಿಂದ ಅಂಗಾಲನ್ನು ಒತ್ತಿ ನೋಡುತ್ತೇವೆ. ಆ ಎಳೆ ಹತ್ತು ಗ್ರಾಂ ಒತ್ತಡಕ್ಕೆ ಬಾಗುತ್ತದೆ. ಮನೆಯಲ್ಲಿ ಅದಿಲ್ಲದಿದ್ದರೂ ಅಡ್ಡಿಯಿಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ವೈದ್ಯರು ಬೆರಳಿನಿಂದಲೇ ಮಾಡುವ ಒಂದು ಪರೀಕ್ಷೆಯನ್ನು ರೂಪಿಸಿದ್ದಾರೆ. ರೋಗಿ ಕಣ್ಣು ಮುಚ್ಚಿ ಮಲಗಲಿ. ನೀವು ನಿಮ್ಮ ತೋರುಬೆರಳ ತುದಿಯಿಂದ ಅವರ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು, ಎರಡೂ ಪಾದದಲ್ಲಿ ಸೇರಿ ಆರು ಕಡೆ, ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಮುಟ್ಟಿದ್ದು ಗೊತ್ತಾದಾಗ ‘ಹ್ಞೂಂ’ ಅನ್ನಲಿ. ಗೊತ್ತಾಗಲಿಲ್ಲವೆಂದು ಅದೇ ಬೆರಳನ್ನು ಮತ್ತೆ ಮುಟ್ಟಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ಗೊತ್ತಾಗದಿದ್ದರೆ ಸ್ಪರ್ಶ ಕಡಿಮೆಯಾಗಿದೆ ಎಂದು ತಿಳಿದು ವೈದ್ಯರಿಗೆ ತೋರಿಸಿ. ಇವತ್ತು ರಾತ್ರಿಯೇ ನಿಮ್ಮ ರೋಗಿಗೆ ಮಾಡಿ ನೋಡಿ. ಆದರೆ ‘ಗೊತ್ತಾಯಿತಾ? ಗೊತ್ತಾಯಿತಾ?’ ಎಂದು ಪ್ರತಿ ಸಲ ಕೇಳಬೇಡಿ. ಕೇಳಿದರೆ ಮುಟ್ಟದಿದ್ದರೂ ‘ಹ್ಞೂಂ’ ಬರುತ್ತದೆ. ನಿರೀಕ್ಷೆ ಕೂಡ ಗ್ರಹಿಕೆಯನ್ನು ಹುಟ್ಟಿಸುತ್ತದೆ.

ಈಗ ಪಕ್ಕದ ಹಾಸಿಗೆ.

ಕುಣಿಗಲ್ ಕಡೆಯ ತಾಯಿಯೊಬ್ಬರಿಗೆ ಬೇರೆ ದಾರಿಯಿಲ್ಲದೆ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಗಿ ಬಂತು. ನಾಲ್ಕನೇ ದಿನ ಅವರು, ‘ಕಾಲುಂಗುರ ಒತ್ತುತ್ತಾ ಇದೆ ಕಣಮ್ಮ, ಸ್ವಲ್ಪ ಸಡಿಲ ಮಾಡು’ ಅಂದರು. ಯಾವ ಕಾಲು ಎಂದರೆ ಬಲಗಾಲು. ಪಕ್ಕದಲ್ಲಿದ್ದ ಮಗನಿಗೆ ಮೊದಲು ನಗು ಬಂತು, ಆಮೇಲೆ ಗಾಬರಿಯಾಯಿತು. ‘ಅಮ್ಮಂಗೆ ತಲೆ ಕೆಟ್ಟಿದೆಯಾ ಸಿಸ್ಟರ್?’ ಎಂದು ಹೊರಗೆ ಕರೆದು ಕೇಳಿದ. ಆ ತಾಯಿ ಮಗನ ಮುಖ ನೋಡಿ ಆಮೇಲೆ ಎರಡು ದಿನ ಆ ಮಾತೇ ಎತ್ತಲಿಲ್ಲ. ನೋವು ಮಾತ್ರ ಹಾಗೇ ಇತ್ತು.

ಅವರ ತಲೆ ಕೆಟ್ಟಿರಲಿಲ್ಲ. ಕೈಯನ್ನೋ ಕಾಲನ್ನೋ ಕಳೆದುಕೊಂಡವರಲ್ಲಿ ಬಹುಪಾಲು ಜನರಿಗೆ ಆ ಅಂಗ ಇನ್ನೂ ಇದೆ ಎಂಬ ಅನುಭವ ಇರುತ್ತದೆ, ಅನೇಕರಿಗೆ ಅದರಲ್ಲಿ ನೋವೂ ಇರುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರಿಗೆ ಚಿಕಿತ್ಸೆ ಮಾಡಿದ್ದ ವೈದ್ಯ ಸೈಲಾಸ್ ವೀರ್ ಮಿಚೆಲ್ 1871ರಲ್ಲಿ ಇದಕ್ಕೆ ‘ಫ್ಯಾಂಟಮ್ ಲಿಂಬ್’ ಎಂದು ಹೆಸರು ಕೊಟ್ಟ. ಕನ್ನಡದಲ್ಲಿ ಭೂತದ ಅಂಗ ಎಂದ ಹಾಗಾಯಿತು. ಹೆಸರು ನನಗೆ ಇಷ್ಟವಿಲ್ಲ. ನಮ್ಮ ಕಡೆ ಭೂತ ಎಂದ ಕೂಡಲೇ ತಾಯಿತಕ್ಕೆ ಓಡುತ್ತಾರೆ. ಕತ್ತರಿಸಿದ ಕಾಲನ್ನು ಎಲ್ಲಿ ಹೂತಿರಿ, ಹೇಗೆ ಮಲಗಿಸಿದಿರಿ ಎಂದು ಕೇಳುವವರೂ ಉಂಟು. ಹೂತ ಜಾಗಕ್ಕೂ ಈ ನೋವಿಗೂ ಸಂಬಂಧವಿಲ್ಲ.

ಮೆದುಳಿನಲ್ಲಿ ನಮ್ಮ ಇಡೀ ದೇಹದ ನಕ್ಷೆ ಇದೆ. ಕೆನಡಾದ ಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್ 1930ರ ದಶಕದಲ್ಲಿ, ಎಚ್ಚರವಾಗಿದ್ದ ರೋಗಿಗಳ ಮೆದುಳಿನ ಒಂದೊಂದು ಜಾಗವನ್ನು ಮುಟ್ಟಿ ಈ ನಕ್ಷೆಯನ್ನು ಗುರುತಿಸಿದರು. ಒಂದು ಕಡೆ ಮುಟ್ಟಿದರೆ ರೋಗಿ ‘ತುಟಿ’ ಅನ್ನುತ್ತಿದ್ದ, ಇನ್ನೊಂದು ಕಡೆ ಮುಟ್ಟಿದರೆ ‘ಬೆರಳು’. ಶಸ್ತ್ರಚಿಕಿತ್ಸೆಯಲ್ಲಿ ನಾವು ಕಾಲನ್ನು ತೆಗೆಯುತ್ತೇವೆ, ನಕ್ಷೆಯಲ್ಲಿ ಕಾಲಿಗಿರುವ ಜಾಗ ಹಾಗೆಯೇ ಉಳಿಯುತ್ತದೆ. ತುಂಡಾದ ನರದ ತುದಿಗಳೂ ಮೇಲಕ್ಕೆ ಏನಾದರೊಂದು ಸುದ್ದಿ ಕಳಿಸುತ್ತಲೇ ಇರುತ್ತವೆ. ಮೆದುಳು ಆ ಸುದ್ದಿಯನ್ನು ಹಳೆಯ ವಿಳಾಸಕ್ಕೆ ಸೇರಿಸಿ ಓದುತ್ತದೆ. ನಲವತ್ತು ವರ್ಷ ಕಾಲುಂಗುರ ತೊಟ್ಟ ಬೆರಳಿನ ನೆನಪು ಕಾಲಿನ ಜೊತೆ ಹೋಗುವುದಿಲ್ಲ.

ಇದಕ್ಕೆ ಔಷಧಿಗಳಿವೆ. ಗಾಯ ಮಾಗಿದ ಮೇಲೆ ಮೊಂಡು ಭಾಗವನ್ನು ಮೆಲ್ಲಗೆ ನೀವುವುದು, ಕೃತಕ ಕಾಲು ಹಾಕಿ ನಡೆಯುವುದು ಹಲವರಿಗೆ ಹಿತ ಕೊಡುತ್ತದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಡಾ. ವಿ. ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕನ್ನಡಿಯ ಉಪಾಯವೊಂದನ್ನು ಬಳಕೆಗೆ ತಂದರು. ಎರಡು ಕಾಲುಗಳ ನಡುವೆ ಉದ್ದನೆಯ ಕನ್ನಡಿ ನಿಲ್ಲಿಸಿ, ಇರುವ ಕಾಲನ್ನು ಆಡಿಸುತ್ತ ಅದರ ಬಿಂಬವನ್ನು ನೋಡಿದರೆ, ಇಲ್ಲದ ಕಾಲು ಆಡಿದಂತೆ ಕಾಣುತ್ತದೆ. ಬಿಗಿದುಕೊಂಡಿದ್ದ ‘ಬೆರಳು’ ಕೆಲವರಿಗೆ ಸಡಿಲವಾಗುತ್ತದೆ. ಎಲ್ಲರಿಗೂ ಫಲಿಸುವುದಿಲ್ಲ. ಫಿಸಿಯೋಥೆರಪಿಯವರನ್ನು ಕೇಳಿಯೇ ಮಾಡಿ. ಮನೆಯವರು ನೆನಪಿಡಬೇಕಾದದ್ದು ಇನ್ನೊಂದಿದೆ. ಕಾಲು ಇದೆ ಎಂಬ ಅನುಭವ ಎಷ್ಟು ಗಟ್ಟಿಯೆಂದರೆ, ನಿದ್ದೆಗಣ್ಣಿನಲ್ಲಿ ಎದ್ದು ಅದರ ಮೇಲೆ ನಿಲ್ಲಲು ಹೋಗಿ ಬೀಳುತ್ತಾರೆ. ಮೊದಮೊದಲ ತಿಂಗಳುಗಳಲ್ಲಿ ರಾತ್ರಿ ಪಕ್ಕದಲ್ಲಿ ಯಾರಾದರೂ ಮಲಗಿ, ಸಣ್ಣ ದೀಪ ಉರಿಯಲಿ.

ನೋವು ಹೇಳುವ ಬಗೆಯ ಬಗ್ಗೆಯೂ ಒಂದು ಮಾತು. ವೈದ್ಯರ ಮುಂದೆ ಬಂದು ಬಹಳ ಜನ ‘ನೋವು ಸಾರ್’ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಅದೇ ಮನೆಯಲ್ಲಿ ಎಷ್ಟು ಚೆನ್ನಾಗಿ ವಿವರಿಸುತ್ತಾರೆ! ಉರಿ, ಚುಚ್ಚು, ಸೆಳೆತ, ಸಿಡಿತ, ಚುಳುಕು, ಹಿಂಡಿದ ಹಾಗೆ, ಮರಗಟ್ಟಿದ ಹಾಗೆ, ಹತ್ತಿಯ ಮೇಲೆ ನಡೆದ ಹಾಗೆ. ಆ ಮಾತುಗಳನ್ನೇ ಇಲ್ಲಿಯೂ ಹೇಳಿ. ಉರಿ, ಜುಮ್ಮು, ಕರೆಂಟು ಹೊಡೆದ ಹಾಗೆ ಎಂದರೆ ನರದ ಕಡೆ ಯೋಚಿಸುತ್ತೇವೆ. ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆ ಎಂದರೆ ರಕ್ತದ ಓಡಾಟ ನೋಡುತ್ತೇವೆ. ಕೆನಡಾದ ಮನೋವಿಜ್ಞಾನಿ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ನೋವನ್ನು ವರ್ಣಿಸುವ ಮಾತುಗಳನ್ನು ವಿಂಗಡಿಸಿ ಒಂದು ಪ್ರಶ್ನಾವಳಿಯನ್ನೇ ಪ್ರಕಟಿಸಿದರು. ನೋವು ಎಷ್ಟು ಎಂದು ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದರೆ ನಮ್ಮ ಅಜ್ಜಿಯರು ಗಲಿಬಿಲಿಗೊಳ್ಳುತ್ತಾರೆ. ‘ರೂಪಾಯಿಗೆ ಎಷ್ಟಾಣೆ ಇದೆ ಅಜ್ಜಿ?’ ಎಂದು ಕೇಳಿ, ‘ನೆನ್ನೆ ಹನ್ನೆರಡಾಣೆ ಇತ್ತು, ಇವತ್ತು ಆರಾಣೆ’ ಎಂದು ತಟ್ಟನೆ ಲೆಕ್ಕ ಒಪ್ಪಿಸುತ್ತಾರೆ.

ಅದೇ ಗಾಯ ಹಗಲು ಆರಾಣೆ, ರಾತ್ರಿ ಹದಿನಾಲ್ಕಾಣೆ ಆಗುವುದೂ ಉಂಟು. ‘ಹಗಲೆಲ್ಲ ಚೆನ್ನಾಗಿ ಮಾತಾಡುತ್ತಿದ್ದರು, ಈಗ ನಾಟಕ ಮಾಡುತ್ತಿದ್ದಾರೆ’ ಎಂದು ಮನೆಯವರು ಬೇಸರಪಡುತ್ತಾರೆ. ನಾಟಕವಲ್ಲ. ಇದೇ ಮೆಲ್ಝಾಕ್ ಮತ್ತು ಇಂಗ್ಲೆಂಡಿನ ಪ್ಯಾಟ್ರಿಕ್ ವಾಲ್ 1965ರಲ್ಲಿ ಒಂದು ಸಿದ್ಧಾಂತ ಮಂಡಿಸಿದರು. ಅದರ ಹೆಸರಿನಲ್ಲೂ ‘ಗೇಟ್’ ಇದೆ, ಶಿರಾ ಗೇಟ್‌ನವರಾದ ನಮಗೆ ಮರೆಯುವ ಹಾಗಿಲ್ಲ. ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಗೇಟ್ ಇದೆ ಎಂದು ಅವರು ಹೇಳಿದರು. ಸ್ಪರ್ಶದ ದಪ್ಪ ನರಗಳು ಕೆಲಸ ಮಾಡುವಾಗ ಆ ಗೇಟ್ ಅರ್ಧ ಮುಚ್ಚುತ್ತದೆ. ಎಡವಿದ ಕೂಡಲೇ ನಾವು ಬೆರಳನ್ನು ಗಟ್ಟಿಯಾಗಿ ಉಜ್ಜಿಕೊಳ್ಳುವುದು ಅದಕ್ಕೇ. ಮೇಲಿನಿಂದ ಮೆದುಳು ಕೂಡ ಗೇಟನ್ನು ಹಿಡಿಯುತ್ತದೆ, ಬಿಡುತ್ತದೆ. ಭಯ, ಒಂಟಿತನ, ನಿದ್ದೆಗೇಡು ಅದನ್ನು ತೆರೆದಿಡುತ್ತವೆ. ಬೇರೆ ಕಡೆ ನೆಟ್ಟ ಗಮನ, ನಂಬಿಕೆಯ ಮಾತು ಅದನ್ನು ಮುಚ್ಚಲು ನೆರವಾಗುತ್ತವೆ. ಈ ಸಿದ್ಧಾಂತ ಮುಂದೆ ಬಹಳಷ್ಟು ತಿದ್ದುಪಡಿಯಾಗಿದೆ, ಆದರೆ ನೋವನ್ನು ಮೆದುಳು ಹೆಚ್ಚು ಕಡಿಮೆ ಮಾಡಬಲ್ಲದು ಎಂಬ ಮುಖ್ಯ ಮಾತು ನಿಂತಿದೆ.

ಅಂಗೈಯಲ್ಲಿ ಇಷ್ಟಲಿಂಗವಿಟ್ಟು ದೃಷ್ಟಿ ನೆಟ್ಟು ಕೂತವರಿಗೆ ಬೀದಿಯ ಲಾರಿ ಸದ್ದು ಕೇಳಿಸುವುದಿಲ್ಲ. ಸದ್ದು ಕಿವಿಗೆ ಬಿದ್ದೇ ಇರುತ್ತದೆ, ಗಮನ ಅದನ್ನು ಒಳಗೆ ಬಿಡುವುದಿಲ್ಲ ಅಷ್ಟೇ. ಪೂಜೆಯ ಹೊತ್ತಿನಲ್ಲಿ ನೋವು ಕಡಿಮೆಯಾಗಿತ್ತು ಎಂದು ರೋಗಿ ಹೇಳಿದರೆ ಅದು ನಿಜ. ಹಾಗೆಂದು ‘ಪೂಜೆ ಮಾಡಿ, ಮಾತ್ರೆ ಬೇಡ’ ಎನ್ನಬೇಡಿ. ಎರಡೂ ಇರಲಿ. ನೋವು ಮನಸ್ಸಿನಿಂದ ಹೆಚ್ಚು ಕಡಿಮೆಯಾಗುತ್ತದೆ ಎಂದರೆ ನೋವೇ ಸುಳ್ಳು ಎಂದಲ್ಲ.

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಕೊಟ್ಟಿದೆ.

‘ನಮ್ಮ ತಂದೆಗೆ ಹದಿನೈದು ವರ್ಷದಿಂದ ಷುಗರ್. ಶಿವರಾತ್ರಿ ಜಾತ್ರೆಗೆ ಸಿದ್ಧಗಂಗೆಗೆ ಬರಿಗಾಲಲ್ಲಿ ನಡೆದು ಬೆಟ್ಟ ಹತ್ತುವ ಹರಕೆ ಇದೆ. ಬೇಡವೆಂದರೆ ಕೇಳುವುದಿಲ್ಲ. ಏನು ಮಾಡುವುದು?’

ಮೊದಲು ಬೆರಳು ಮುಟ್ಟುವ ಪರೀಕ್ಷೆ ಮಾಡಿ, ಅವರಿಗೇ ತೋರಿಸಿಕೊಡಿ. ಕಣ್ಣು ಮುಚ್ಚಿದಾಗ ತಮ್ಮ ಬೆರಳು ತಮಗೆ ತಿಳಿಯದು ಎಂದು ಕಂಡರೆ ಹಟ ಸ್ವಲ್ಪ ಸಡಿಲವಾಗುತ್ತದೆ. ಆ ಕಾಲದ ಬಿಸಿಲಿಗೆ ಬಂಡೆ, ಮೆಟ್ಟಿಲು ಮಧ್ಯಾಹ್ನ ಕಾದಿರುತ್ತದೆ. ಸ್ಪರ್ಶ ಹೋದ ಪಾದ ಬೊಬ್ಬೆ ಎದ್ದರೂ ಹೇಳುವುದಿಲ್ಲ. ಸ್ವಾಮಿಗಳನ್ನು ಕೇಳಿ ಹರಕೆಯನ್ನು ಬೇರೆ ಸೇವೆಗೆ ಬದಲಿಸಿಕೊಳ್ಳಲಿ. ದಾಸೋಹದಲ್ಲಿ ಕೂತು ತರಕಾರಿ ಹೆಚ್ಚಿದರೂ ಅದು ಸೇವೆಯೇ. ಹೋಗಲೇಬೇಕೆಂದರೆ ಪಾದರಕ್ಷೆ ಹಾಕಿ ನಡೆದು, ಬಿಡಲೇಬೇಕಾದ ಕಡೆ ಮಾತ್ರ ಬಿಟ್ಟು, ಅಲ್ಲಿ ದಪ್ಪ ಹತ್ತಿಯ ಕಾಲುಚೀಲ ಹಾಕಿ, ಬೆಳಗಿನ ತಂಪು ಹೊತ್ತಿನಲ್ಲೇ ದರ್ಶನ ಮುಗಿಸಲಿ. ವಾಪಸು ಬಂದ ಕೂಡಲೇ ನೀವು ಪಾದ ನೋಡಿ.

‘ಕಾಲು ಪರೀಕ್ಷೆಗೆ ಬರುವಾಗ ಏನು ತರಬೇಕು?’

ಹಳೆಯ ಚೀಟಿ, ಸಕ್ಕರೆ ಪರೀಕ್ಷೆಯ ವರದಿ ತನ್ನಿ. ಆಸ್ಪತ್ರೆಗೆಂದು ಹೊಸ ಚಪ್ಪಲಿ ಹಾಕಿಕೊಂಡು ಬರಬೇಡಿ. ತೋಟಕ್ಕೆ, ಹೊಲಕ್ಕೆ ದಿನವೂ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ಬನ್ನಿ. ಅದರ ಅಟ್ಟೆ ಎಲ್ಲಿ ಸವೆದಿದೆ, ಎಲ್ಲಿ ತಗ್ಗು ಬಿದ್ದಿದೆ ಎಂದು ನೋಡಿದರೆ, ಪಾದದ ಯಾವ ಜಾಗದ ಮೇಲೆ ಭಾರ ಹೆಚ್ಚು ಬೀಳುತ್ತಿದೆ, ಹುಣ್ಣು ಎಲ್ಲಿ ಆಗಬಹುದು ಎಂದು ನಾವು ಮೊದಲೇ ಊಹಿಸಬಹುದು.